ಹೌದು ತಮ್ಮಾ, ಇರಾನ್ ಎದುರುಗಡೆಯೇ ಇದೆ

ಅಣ್ಣಾ ಅಂತ ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನೀನು ಕೇಳಿದ್ದು ಇಷ್ಟು: ಒಮಾನಿನ ರಾಜಧಾನಿ ಮಸ್ಕತ್ತಿನಲ್ಲಿ ಅಕೌಂಟೆಂಟ್ ಕೆಲಸ ಸಿಕ್ಕಿದೆ, ಸಂಬಳ ಪರವಾಗಿಲ್ಲ. ಆದರೆ 2025ರ ಜೂನ್‌ನಲ್ಲಿ ಇಸ್ರೇಲ್-ಇರಾನ್ ಯುದ್ಧ ಟೀವಿಯಲ್ಲಿ ನೋಡಿದಾಗಿನಿಂದ ಅಮ್ಮ ಬೇಡವೇ ಬೇಡ ಅನ್ನುತ್ತಿದ್ದಾರೆ. ಇಂಥ ಜಗಳಗಳಲ್ಲಿ ಒಮಾನ್ ಯಾರ ಕಡೆ, ನಮ್ಮಂಥವರಿಗೆ ಅಲ್ಲಿ ತೊಂದರೆ ಇಲ್ವಾ ಅಂತ.

ನಾನು ಕುಂದಾಪುರದವನು. ಇಲ್ಲಿಗೆ ಬಂದು 19 ವರ್ಷ. ಮಸ್ಕತ್ತಿನ ರುವಿ ಬಡಾವಣೆಯಲ್ಲಿ ಮನೆ. ಹಡಗಿನ ಸರಕು ಕ್ಲಿಯರ್ ಮಾಡಿಸುವ ಕಂಪನಿಯಲ್ಲಿ ಕೆಲಸ. ರಾಜಕೀಯ ಓದಿದವನಲ್ಲ. ಆದರೆ ಈ ಕಸುಬಿನಲ್ಲಿ ಯಾವ ದೇಶ ಯಾವ ದೇಶಕ್ಕೆ ಟೂ ಬಿಟ್ಟಿತು ಅನ್ನುವುದು ಪೇಪರಿಗಿಂತ ಮೊದಲು ಬಿಲ್ಲಿನಲ್ಲಿ ಗೊತ್ತಾಗುತ್ತದೆ.

2017ರ ಜೂನ್ 5 ಹಾಗಿತ್ತು. ರಂಜಾನ್ ತಿಂಗಳು. ಬೆಳಿಗ್ಗೆ ಆಫೀಸಿಗೆ ಹೋದರೆ ಫೋನುಗಳು ಒಂದೇ ಸಮನೆ ಬಡಿದುಕೊಳ್ಳುತ್ತಿವೆ. ಸೌದಿ, ಎಮಿರೇಟ್ಸ್ (ಯುಎಇ), ಬಹರೇನ್, ಈಜಿಪ್ಟ್ ನಾಲ್ಕೂ ಸೇರಿ ಕತಾರ್ ಜೊತೆ ಸಂಬಂಧ ಕಡಿದುಕೊಂಡಿದ್ದವು. ಕತಾರಿಗೆ ನೆಲದ ದಾರಿ ಇರುವುದೇ ಒಂದು, ಸೌದಿ ಕಡೆಯಿಂದ. ಅದು ಬಂದ್. ದುಬೈನ ಜೆಬೆಲ್ ಅಲಿಯಲ್ಲಿ ಇಳಿಸಿ, ಸಣ್ಣ ಹಡಗಿಗೆ ಹಾಕಿ ದೋಹಾಕ್ಕೆ ಕಳಿಸುತ್ತಿದ್ದ ಕಂಟೇನರ್‌ಗಳೂ ಬಂದ್. ಹೆಚ್ಚುಕಡಿಮೆ ಒಂದು ವಾರದಲ್ಲಿ ನಮ್ಮ ಸೊಹಾರ್ ಮತ್ತು ಸಲಾಲಾ ಬಂದರುಗಳಿಂದ ಕತಾರಿನ ಹಮದ್ ಬಂದರಿಗೆ ನೇರ ಹಡಗು ಶುರುವಾಯಿತು.

ನನಗೆ ಒಳಗೊಳಗೇ ಪುಕುಪುಕು. ದಿನಾ ಎಮಿರೇಟ್ಸ್ ಗಡಿ ದಾಟಿ ಲಾರಿ ಬರಬೇಕು, ಅವರು ಸಿಟ್ಟಾದರೆ ಗತಿ ಏನು? ಮ್ಯಾನೇಜರ್ ಒಮಾನಿ, ಐವತ್ತು ದಾಟಿದ ಮನುಷ್ಯ. ಕೇಳಿಯೇಬಿಟ್ಟೆ. ಅವರು ತಲೆ ಮೇಲಿನ ಕುಮ್ಮಾ ಟೋಪಿ ತೆಗೆದು ಮೇಜಿನ ಮೇಲಿಟ್ಟು, "ಪೇಪರ್ ಸರಿ ಇದೆಯಾ?" ಅಂದರು. ಇದೆ ಅಂದೆ. "ಹಾಗಾದರೆ ಕಳಿಸು. ದುಬೈಯವರದ್ದೂ ಪೇಪರ್ ಸರಿ ಇದ್ದರೆ ಅದನ್ನೂ ಬಿಡಿಸು." ಅಷ್ಟೇ. ಆ ಜಗಳ ಮೂರೂವರೆ ವರ್ಷ ನಡೆಯಿತು. ನಾವು ಎರಡೂ ಕಡೆಯ ಪೇಪರ್ ನೋಡುತ್ತಾ ಕುಳಿತೆವು. ಕುವೈತಿನವರು ರಾಜಿಗೆ ಓಡಾಡಿದರು, ಒಮಾನ್ ಅವರ ಬೆನ್ನಿಗಿತ್ತು.

ಈ ಬುದ್ಧಿ ಹೊಸದೇನೂ ಅಲ್ಲ. 1979ರಲ್ಲಿ ಈಜಿಪ್ಟ್ ಇಸ್ರೇಲ್ ಜೊತೆ ಒಪ್ಪಂದ ಮಾಡಿಕೊಂಡಾಗ ಅರಬ್ ದೇಶಗಳು ಸಾಲಾಗಿ ಈಜಿಪ್ಟನ್ನು ದೂರ ಇಟ್ಟವು. ಇಡದೆ ಉಳಿದ ಎರಡು ಮೂರರಲ್ಲಿ ಒಮಾನ್ ಒಂದು. ಇರಾನ್-ಇರಾಕ್ ಎಂಟು ವರ್ಷ ಹೊಡೆದಾಡಿದಾಗ ಇಬ್ಬರ ಜೊತೆಗೂ ಮಾತು ಬಿಡಲಿಲ್ಲ. 2015ರಲ್ಲಿ ಸೌದಿ ಮುಂದಾಳತ್ವದಲ್ಲಿ ಯೆಮೆನ್ ಮೇಲೆ ಬಾಂಬ್ ಹಾಕಲು ಶುರು ಮಾಡಿದಾಗ, ಗಲ್ಫ್ ಕೂಟದ ಆರು ದೇಶಗಳಲ್ಲಿ ಸೇರದೆ ಉಳಿದದ್ದು ಒಮಾನ್ ಮಾತ್ರ. ನಮ್ಮೂರಲ್ಲಿ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ ಅಂತ ಬೈಯುತ್ತಾರಲ್ವಾ, ಇಲ್ಲಿ ಅದೇ ಕಸುಬು.

ಯಾಕೆ ಹೀಗೆ? ಮ್ಯಾಪ್ ನೋಡು. ಒಮಾನಿನ ಒಂದು ತುಂಡು ಮುಸಂದಮ್ ಅಂತ, ಎಮಿರೇಟ್ಸ್ ದಾಟಿ ಆಚೆ, ಹಾರ್ಮುಜ್ ಜಲಸಂಧಿಗೆ ಮೂಗು ತೂರಿಸಿಕೊಂಡು ಕೂತಿದೆ. ಅತಿ ಕಿರಿದಾದ ಜಾಗದಲ್ಲಿ ಆಚೆ ದಡದ ಇರಾನಿಗೆ 40 ಕಿಲೋಮೀಟರ್ ಕೂಡ ಇಲ್ಲ. ಎಣ್ಣೆ ಹಡಗುಗಳು ಹೋಗಿಬರುವ ದಾರಿ ಇರುವುದು ಒಮಾನಿನ ನೀರಿನಲ್ಲಿ. ಒಂದು ಸಲ ಅಲ್ಲಿನ ಖಸಬ್ ಊರಿಗೆ ಹೋಗಿದ್ದೆ. ಬೆಳಿಗ್ಗೆ ಸಣ್ಣ ಸಣ್ಣ ಸ್ಪೀಡ್ ಬೋಟುಗಳು ಇರಾನ್ ಕಡೆಯಿಂದ ಬಂದವು. ಒಳಗೆ ಆಡುಗಳು! ಕಾಲು ಕಟ್ಟಿ ಮಲಗಿಸಿದ್ದರು. ಆಡು ಇಳಿಸಿ, ಸಂಜೆಗೆ ಸಿಗರೇಟು ಪೆಟ್ಟಿಗೆ, ತಂಪು ಪಾನೀಯದ ಕ್ಯಾನುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬೋಟು ಮುಳುಗುತ್ತದೇನೋ ಅನ್ನುವಷ್ಟು ತುಂಬಿಕೊಂಡು ಹೊರಟರು. ಆಚೆ ಅದು ಕಳ್ಳಸಾಗಣೆ, ಈಚೆ ಅದು ವ್ಯಾಪಾರ. ಇಂಥ ನೆರೆಯವರ ಜೊತೆ ಮುಖ ತಿರುಗಿಸಿಕೊಂಡು ಬದುಕುವುದು ಹೇಗೆ?

ಇನ್ನೊಂದು ಕಾರಣ ಹಳೆಯದು. 1965ರಿಂದ 75ರವರೆಗೆ ದಕ್ಷಿಣದ ಧೋಫಾರಿನಲ್ಲಿ ದಂಗೆ ನಡೆಯಿತು. ಪಕ್ಕದ ದಕ್ಷಿಣ ಯೆಮೆನ್ ದಂಗೆಕೋರರ ಕಡೆ. ಸುಲ್ತಾನರ ಕಡೆ ಬ್ರಿಟಿಷ್ ಅಧಿಕಾರಿಗಳು, ಜೋರ್ಡಾನಿನವರು, ಇರಾನಿನ ಆಗಿನ ದೊರೆ ಶಾ ಕಳಿಸಿದ ಸೈನಿಕರು. 1970ರಲ್ಲಿ ತಂದೆಯನ್ನು ಇಳಿಸಿ ಪಟ್ಟಕ್ಕೆ ಬಂದ ಸುಲ್ತಾನ್ ಖಾಬೂಸ್‌ಗೆ ಸಿಕ್ಕಿದ್ದು ಯುದ್ಧ ನಡೆಯುತ್ತಿದ್ದ, ಮೂರೇ ಶಾಲೆ ಇದ್ದ ದೇಶ. ಹೊರಗಿನವರ ಜಗಳ ಒಳಗೆ ಬಂದರೆ ಏನಾಗುತ್ತದೆ ಅಂತ ಇಲ್ಲಿನ ಹಿರಿಯರು ಕಣ್ಣಾರೆ ನೋಡಿದ್ದಾರೆ. ಮತವೂ ಬೇರೆ. ಇಲ್ಲಿ ಇಬಾದಿ ಪಂಥದವರು ಬಹಳ, ಅವರು ಸುನ್ನಿಯೂ ಅಲ್ಲ, ಶಿಯಾ ಕೂಡ ಅಲ್ಲ. ಸೌದಿ-ಇರಾನ್ ಪೈಪೋಟಿಯಲ್ಲಿ ಒಂದು ಕಡೆ ಹಾರಲೇಬೇಕು ಅನ್ನುವ ಒತ್ತಾಯ ಕಮ್ಮಿ.

2012-13ರಲ್ಲಿ ಅಮೆರಿಕದವರು, ಇರಾನಿನವರು ಗುಟ್ಟಾಗಿ ಕೂತು ಮಾತಾಡಿದ್ದು ಇಲ್ಲೇ. ನಮಗೆ ಗಾಳಿಯೂ ಬೀಸಲಿಲ್ಲ. ಅದೇ ಮುಂದೆ 2015ರ ಅಣು ಒಪ್ಪಂದ ಆಯಿತು. ನಮ್ಮವರಿಗೂ ಉಪಕಾರ ಆಗಿದೆ: ಯೆಮೆನ್‌ನ ಏಡನ್‌ನಲ್ಲಿ 2016ರ ಮಾರ್ಚ್‌ನಲ್ಲಿ ಅಪಹರಣವಾದ ಕೇರಳದ ಪಾದ್ರಿ ಟಾಮ್ ಉಳುನ್ನಾಲಿಲ್ ಅವರನ್ನು ಒಂದೂವರೆ ವರ್ಷದ ಮೇಲೆ ಬಿಡಿಸಿ ಮಸ್ಕತ್ತಿಗೆ ಕರೆತಂದದ್ದು ಒಮಾನ್. ಖಾಬೂಸ್ ತೀರಿಕೊಂಡ ಮೇಲೆ ಭಾರತ ಅವರಿಗೆ ಗಾಂಧಿ ಶಾಂತಿ ಪ್ರಶಸ್ತಿ ಕೊಟ್ಟಿತು. 2020ರಲ್ಲಿ ಬಂದ ಸುಲ್ತಾನ್ ಹೈಥಮ್ ಅದೇ ದಾರಿ ಹಿಡಿದಿದ್ದಾರೆ.

2025ರ ಏಪ್ರಿಲ್ 12ಕ್ಕೆ ಅಮೆರಿಕ-ಇರಾನ್ ಮಾತುಕತೆ ಮತ್ತೆ ಮಸ್ಕತ್ತಿನಲ್ಲೇ ಶುರುವಾಯಿತು. ವಿದೇಶಾಂಗ ಮಂತ್ರಿ ಬದ್ರ್ ಅಲ್ ಬುಸೈದಿ ಚೀಟಿ ಆ ಕೋಣೆಯಿಂದ ಈ ಕೋಣೆಗೆ ಒಯ್ಯುವ ಕೆಲಸ ಮಾಡಿದರು. ಮೇ ತಿಂಗಳಲ್ಲಿ ಅಮೆರಿಕ ಮತ್ತು ಯೆಮೆನ್‌ನ ಹೂತಿ ಬಂಡುಕೋರರ ನಡುವೆ ಕದನವಿರಾಮ ಮಾಡಿಸಿದ್ದೂ ಇವರೇ. ಆರನೇ ಸುತ್ತು ಜೂನ್ 15ಕ್ಕೆ ಇಲ್ಲೇ ಇತ್ತು. 13ನೇ ತಾರೀಕು ಶುಕ್ರವಾರ, ನಮಗೆ ವಾರದ ರಜೆ. ನೀರುದೋಸೆ ಕಾವಲಿ ಮೇಲಿರುವಾಗಲೇ ಊರಿಂದ ಫೋನು: "ಯುದ್ಧ ಶುರುವಾಯ್ತಂತೆ!" ಮಾತುಕತೆ ಅಲ್ಲಿಗೆ ಮುಗಿಯಿತು. ರಾಜಿ ಮಾಡಿಸುವವನ ಕೈಯಲ್ಲಿ ಬೀಗದ ಕೈ ಇರುವುದಿಲ್ಲ ತಮ್ಮಾ, ಬಾಗಿಲು ಬಡಿಯುವ ಮರ್ಯಾದೆ ಮಾತ್ರ ಇರುತ್ತದೆ.

ಹಾಗಂತ ಇಲ್ಲಿ ಎಲ್ಲ ತಣ್ಣಗಿದೆ ಅಂತ ಸುಮ್ನೆ ಹೇಳುವುದಿಲ್ಲ. ಜೂನ್ 23ರ ರಾತ್ರಿ ಇರಾನ್ ಕತಾರಿನ ಅಮೆರಿಕನ್ ನೆಲೆಗೆ ಕ್ಷಿಪಣಿ ಬಿಟ್ಟಾಗ ಕತಾರ್, ಕುವೈತ್, ಬಹರೇನ್ ವಿಮಾನದ ದಾರಿ ಮುಚ್ಚಿದವು. ನನ್ನ ಹೆಂಡತಿ ಮಕ್ಕಳು ರಜೆಗೆ ಊರಿಗೆ ಹೊರಡಬೇಕಿತ್ತು, ವಿಮಾನ ರದ್ದಾಯಿತು. ಕಂಪನಿ ಹೆಸರು ಬೇಡ, ದುಡ್ಡು ವಾಪಸ್ ಇನ್ನೂ ಪೂರ್ತಿ ಬಂದಿಲ್ಲ. 2024ರ ಜುಲೈನಲ್ಲಿ ನಮ್ಮ ಮನೆಗೆ ದೂರವಲ್ಲದ ವಾದಿ ಕಬೀರ್‌ನಲ್ಲಿ ಶಿಯಾ ಮಸೀದಿಯ ಮೇಲೆ ಐಸಿಸ್ ದಾಳಿ ಆಯಿತು. ಸತ್ತವರಲ್ಲಿ ಒಬ್ಬರು ಭಾರತೀಯರು. ಅಂಥದ್ದು ಇಲ್ಲಿ ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ. ಆದರೆ ನಾನು ಜೀವಕ್ಕೆ ಹೆದರಿ ಕೂತದ್ದು ಒಂದೇ ಸಲ, 2007ರ ಜೂನ್‌ನಲ್ಲಿ ಗೋನು ಚಂಡಮಾರುತ ಬಂದಾಗ. ಅದಕ್ಕೆ ಯಾವ ವಿದೇಶಾಂಗ ನೀತಿಯೂ ಇಲ್ಲ.

ಯಾರ ಕಡೆಯೂ ಹೋಗುವುದಿಲ್ಲ ಅಂದರೆ ಮನಸ್ಸೇ ಇಲ್ಲ ಅಂತಲೂ ಅಲ್ಲ. ಗಾಜಾ ವಿಷಯದಲ್ಲಿ ಇಲ್ಲಿನ ಜನ ಬೆಂದುಹೋಗಿದ್ದಾರೆ. ಮಹಾ ಮುಫ್ತಿ ಅಲ್ ಖಲೀಲಿ ಬಹಿರಂಗವಾಗಿಯೇ ಪ್ಯಾಲೆಸ್ತೀನಿಯರ ಪರ ಮಾತಾಡುತ್ತಾರೆ. ನಮ್ಮ ಬೀದಿಯ ಕರಕ್ ಚಹಾದಂಗಡಿಯ ಫ್ರಿಜ್ಜಿನಲ್ಲಿ ಜನ ಬಹಿಷ್ಕಾರ ಹಾಕಿದ ಹಳೆಯ ಕೋಲಾದ ಜಾಗಕ್ಕೆ ಬೇರೆ ಬಾಟಲಿ ಬಂದು ಕೂತಿದೆ. ಒಮಾನ್ ಚಿಪ್ಸ್ ಪುಡಿ ಮಾಡಿ ಹಾಕಿದ ಪರಾಟ ಮಾತ್ರ ಹಾಗೇ ಇದೆ.

ಇನ್ನು ನಿನಗೆ ನೇರವಾಗಿ ತಟ್ಟುವ ಸಂಗತಿ. ಈ ದೇಶ ಹೊರಗೆ ಹೇಗೆ ಇರುತ್ತದೋ ಒಳಗೆ ನಾವೂ ಹಾಗೇ ಇರಬೇಕು ಅನ್ನುತ್ತದೆ. ನಮ್ಮ ಆಫೀಸಿನಲ್ಲಿ ಹದ್ರಮೌತ್‌ನ ಒಬ್ಬ ಯೆಮೆನಿ ಡ್ರೈವರ್ ಇದ್ದಾನೆ, ಊರಿಂದ ಬಂದಾಗಲೆಲ್ಲ ಸಿದ್ರ್ ಮರದ ಜೇನು ತರುತ್ತಾನೆ. ಸಿರಿಯಾದ ಎಂಜಿನಿಯರ್, ಪಾಕಿಸ್ತಾನದ ಫೋರ್‌ಮನ್, ಎರಡು ಮೇಜು ಆಚೆ ಮಲಯಾಳಿ. 2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನ ಹೊಡೆದಾಡಿದ ನಾಲ್ಕು ದಿನ ಫೋರ್‌ಮನ್ ಮತ್ತು ನಾನು ಬರೀ ಕಂಟೇನರ್ ನಂಬರ್ ಮಾತಾಡಿದೆವು. ಐದನೇ ದಿನ ಅವನೇ ಚಹಾ ತಂದಿಟ್ಟ. ಇಬ್ಬರೂ ಏನೂ ಹೇಳಲಿಲ್ಲ.

ವಾಟ್ಸಾಪ್, ಫೇಸ್‌ಬುಕ್ ಬಗ್ಗೆ ಜೋಪಾನ. ಧರ್ಮ, ಸುಲ್ತಾನರು, ನೆರೆದೇಶದ ಜಗಳ, ಯಾವುದರ ಬಗ್ಗೆಯೂ ಫಾರ್ವರ್ಡ್ ಮಾಡಬೇಡ. ಕೇಸಾದರೆ ಜೈಲು, ಆಮೇಲೆ ಊರಿನ ವಿಮಾನ. 2020ರ ಏಪ್ರಿಲ್‌ನಲ್ಲಿ ಒಮಾನಿನ ರಾಜಕುಮಾರಿ ಭಾರತೀಯರನ್ನು ಹೊರಗೆ ಹಾಕುತ್ತೇವೆ ಅಂದರು ಅಂತ ಒಂದು ಪೋಸ್ಟ್ ಓಡಾಡಿತ್ತು. ಅದು ಅವರ ಹೆಸರಿನ ನಕಲಿ ಖಾತೆ ಅಂತ ಅವರೇ ಹೇಳಬೇಕಾಯಿತು. ಅಷ್ಟರಲ್ಲಿ ನಮ್ಮವರು ಅರ್ಧ ಜನ ಸೂಟ್‌ಕೇಸ್ ಇಳಿಸಿದ್ದರು! ಮಾತು ನುಂಗುವುದು ನನಗೆ ಈಗ ರೂಢಿಯಾಗಿದೆ. ಒಳ್ಳೆಯದೋ ಕೆಟ್ಟದೋ, ಊರಿಗೆ ಬಂದರೂ ಚುನಾವಣೆ ಮಾತು ಬಂದ ಕೂಡಲೇ ಎದ್ದು ಕೈ ತೊಳೆಯಲು ಹೋಗುತ್ತೇನೆ.

ಅಮ್ಮನಿಗೆ ಹೇಳು, ಕೆಲಸ ಹೋದರೆ ಅದು ಇರಾನಿನಿಂದ ಅಲ್ಲ, ಒಮಾನೀಕರಣದಿಂದ. ಇಲ್ಲಿನ ಹುಡುಗರಿಗೆ ಕೆಲಸ ಬೇಕು, ಹಾಗಾಗಿ ಒಂದೊಂದೇ ಹುದ್ದೆಗೆ ಹೊರಗಿನವರಿಗೆ ವೀಸಾ ನಿಲ್ಲಿಸುತ್ತಾ ಬಂದಿದ್ದಾರೆ. ಲೆಕ್ಕಪತ್ರದ ಕೆಲವು ಹುದ್ದೆಗಳಿಗೂ ಆ ಬಿಸಿ ತಟ್ಟಿದೆ. ಆಫರ್ ಲೆಟರಿನಲ್ಲಿ ಬರೆದ ಹುದ್ದೆ ಮತ್ತು ವೀಸಾದಲ್ಲಿ ಬರೆಯುವ ಹುದ್ದೆ ಒಂದೇನಾ ಅಂತ ಬರಹದಲ್ಲಿ ಕೇಳಿ ತರಿಸಿಕೋ. ಬೇರೆ ಬೇರೆ ಇದ್ದರೆ ನನಗೆ ಫೋಟೋ ಕಳಿಸು, ನೋಡಿ ಹೇಳುತ್ತೇನೆ. ಡಿಗ್ರಿ ಸರ್ಟಿಫಿಕೇಟ್ ಅಟೆಸ್ಟೇಷನ್ ಅಲ್ಲೇ ಮುಗಿಸಿಕೊಂಡು ಬಾ, ಇಲ್ಲಿಂದ ಮಾಡಿಸುವುದು ಜಾಸ್ತಿ ತಲೆನೋವು. ಕುಚ್ಚಲಕ್ಕಿ ಹೊತ್ತು ತರಬೇಡ, ರುವಿಯಲ್ಲಿ ಸಿಗುತ್ತದೆ. ಅಮ್ಮ ಮಾಡಿದ ಮಿಡಿ ಉಪ್ಪಿನಕಾಯಿ ಇದ್ದರೆ ಎರಡು ಬಾಟಲಿ ತಾ, ಒಂದು ನನಗೆ.