ಗದಗದ ಕಡೆ ಗಾಳಿ ಬಿದ್ದು ಗಾಳಿಯಂತ್ರಗಳು ನಿಧಾನವಾದರೆ ಕಾರವಾರದಲ್ಲಿ ಕರೆಂಟ್ ಯಾಕೆ ಹೋಗುವುದಿಲ್ಲ?

ಬೇರೆ ಕಡೆಯ ಜನರೇಟರುಗಳು ಆ ಕೊರತೆಯನ್ನು ಕೂಡಲೇ ತುಂಬುತ್ತವೆ, ಅದಕ್ಕೇ. ಅದರಲ್ಲಿ ನಮ್ಮ ಕಾಳಿ ನದಿಯ ಪಾಲೂ ಇದೆ.

ಗ್ರಿಡ್ಡಿನಲ್ಲಿ, ಅಂದರೆ ಊರೂರು ಜೋಡಿಸಿದ ವಿದ್ಯುತ್ ಜಾಲದಲ್ಲಿ, ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತಿರಬೇಕು. ಇದೇ ಫ್ರೀಕ್ವೆನ್ಸಿ. ಬಳಕೆಗಿಂತ ಉತ್ಪಾದನೆ ಕಡಿಮೆಯಾದ ಕೂಡಲೇ ಅದು ಇಳಿಯತೊಡಗುತ್ತದೆ. ಮೊದಲ ಕೆಲವು ಸೆಕೆಂಡು ಅದನ್ನು ತಡೆದು ಹಿಡಿಯುವುದು ಜಲ, ಕಲ್ಲಿದ್ದಲು, ಅಣು ಸ್ಥಾವರಗಳ ಭಾರಿ ರೋಟರುಗಳು, ಅಂದರೆ ಜನರೇಟರಿನೊಳಗೆ ಸುತ್ತುವ ಭಾಗಗಳು. ಅಷ್ಟು ತೂಕ ಒಮ್ಮೆ ಸುತ್ತತೊಡಗಿದರೆ ತಟ್ಟನೆ ನಿಧಾನವಾಗುವುದಿಲ್ಲ, ಅಲ್ವಾ? ಗಾಳಿಯಂತ್ರದ ರೋಟರೂ ಭಾರವೇ. ಆದರೆ ಹೊಸ ಯಂತ್ರಗಳು ಎಲೆಕ್ಟ್ರಾನಿಕ್ ಕನ್ವರ್ಟರ್ ಮೂಲಕ ಗ್ರಿಡ್ಡಿಗೆ ಸೇರುತ್ತವೆ, ರೋಟರಿನ ವೇಗಕ್ಕೂ ಗ್ರಿಡ್ಡಿನ ಫ್ರೀಕ್ವೆನ್ಸಿಗೂ ನೇರ ನಂಟು ಇರುವುದಿಲ್ಲ. ಹಾಗಾಗಿ ಆ ಆಸರೆ ತಾನಾಗಿ ಸಿಗುವುದಿಲ್ಲ, ಕಂಟ್ರೋಲ್ ವ್ಯವಸ್ಥೆಯಲ್ಲಿ ಬೇಕೆಂದೇ ಅಳವಡಿಸಬೇಕು. ಗಾಳಿಯ ಏರಿಳಿತಕ್ಕಿಂತ ಇದೇ ದೊಡ್ಡ ತೊಡಕು ಅಂತ ನನಗನ್ನಿಸುತ್ತದೆ.

ಆಮೇಲಿನ ಕೆಲಸ ನೀರಿನದ್ದು. ಕಾಳಿ ನದಿಯ ನಾಗಝರಿಯಂಥ ಪವರ್‌ಹೌಸಿನಲ್ಲಿ ಓಡುತ್ತಿರುವ ಟರ್ಬೈನಿನ ಗವರ್ನರ್, ಅಂದರೆ ವೇಗ ನಿಯಂತ್ರಿಸುವ ಸಾಧನ, ಫ್ರೀಕ್ವೆನ್ಸಿ ಇಳಿದದ್ದನ್ನು ಗುರುತಿಸಿ ಗೇಟನ್ನು ಇನ್ನಷ್ಟು ತೆರೆಯುತ್ತದೆ. ನೀರು ಜಾಸ್ತಿ ನುಗ್ಗುತ್ತದೆ, ಕರೆಂಟೂ ಜಾಸ್ತಿಯಾಗುತ್ತದೆ. ಕೈಗಾ ಅಣು ಸ್ಥಾವರ ಸಾಮಾನ್ಯವಾಗಿ ಒಂದೇ ಮಟ್ಟದಲ್ಲಿ ಓಡುವಂಥದ್ದು, ಹೀಗೆ ಹತ್ತಿಳಿಯುವ ಕೆಲಸ ಅದರದ್ದಲ್ಲ.

ಗಾಳಿ ಜಾಸ್ತಿಯಾದರೆ ರೆಕ್ಕೆಗಳೇ ಓರೆಯಾಗಿ ತಿರುಗಿ ಅದನ್ನು ಬಿಟ್ಟುಕೊಡುತ್ತವೆ. ಸೆಕೆಂಡಿಗೆ ಸುಮಾರು 25 ಮೀಟರ್ ವೇಗ ದಾಟಿದರೆ ಹೆಚ್ಚಿನ ಯಂತ್ರಗಳು ನಿಂತೇಬಿಡುತ್ತವೆ.