ನಿಮ್ಮ ಕಪ್ಪುಕುಳಿ ಲೇಖನವನ್ನು ಒಂಬತ್ತನೇ ಪುಟದಿಂದ ಶುರುಮಾಡಿ

ನಮಸ್ಕಾರ.

ನೀವು ಕಳಿಸಿದ ‘ಹಸಿದ ಕಪ್ಪುಕುಳಿಗಳ ನೆರೆಹೊರೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯವನ್ನು ಕೈಬಿಡಲು ನನಗೆ ಮನಸ್ಸಿಲ್ಲ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ನಮಗೆ ಬರುವ ಕಪ್ಪುಕುಳಿ ಲೇಖನಗಳೆಲ್ಲ ಕುಳಿಯ ಸುತ್ತಲೇ ಗಿರಕಿ ಹೊಡೆಯುತ್ತವೆ. ಆ ಕುಳಿಯಿರುವ ಗೆಲಾಕ್ಸಿ ಎಲ್ಲಿ ನೆಲೆಸಿದೆ, ಆಸುಪಾಸಿನಲ್ಲಿ ಏನಿದೆ ಎಂದು ಕೇಳುವವರು ಅಪರೂಪ. ನೀವು ಕೇಳಿದ್ದೀರಿ, ಆದರೆ ಒಂಬತ್ತನೇ ಪುಟಕ್ಕೆ ಬಂದ ಮೇಲೆ.

ಮೊದಲ ಎಂಟು ಪುಟ ತೆಗೆದುಬಿಡಿ. ಐನ್‌ಸ್ಟೈನ್, ನಕ್ಷತ್ರದ ಸಾವು, ಬೆಳಕೂ ಹೊರಬಾರದ ಗಡಿ, ಎಲ್ಲವನ್ನೂ ನಮ್ಮ ಓದುಗರು ಬೇಕಾದಷ್ಟು ಸಲ ಓದಿದ್ದಾರೆ. 1963ರಲ್ಲಿ ಖಗೋಳಜ್ಞ ಮಾರ್ಟೆನ್ ಷ್ಮಿಟ್ 3ಸಿ 273 ಎಂಬ ಕ್ವೇಸಾರಿನ ರೋಹಿತವನ್ನು, ಎಂದರೆ ಅದರ ಬೆಳಕಿನ ಬಣ್ಣಗಳ ಹಂಚಿಕೆಯನ್ನು, ಬಿಡಿಸಿ, ನಕ್ಷತ್ರದಂತೆ ಕಾಣುವ ಆ ಚುಕ್ಕೆ ಇನ್ನೂರು ಕೋಟಿ ಜ್ಯೋತಿರ್ವರ್ಷಕ್ಕೂ ಆಚೆಯದು ಎಂದು ಕಂಡುಕೊಂಡ ಭಾಗ ಮಾತ್ರ ಇರಲಿ. ಅದನ್ನು ಚೆನ್ನಾಗಿ ಬರೆದಿದ್ದೀರಿ.

ಮೂರನೇ ಪುಟದಲ್ಲಿ ಕಪ್ಪುಕುಳಿ ‘ಅಕ್ಕಪಕ್ಕದ ಗೆಲಾಕ್ಸಿಗಳನ್ನೇ ಸೆಳೆದು ನುಂಗುತ್ತದೆ’ ಎಂದಿದ್ದೀರಿ. ಇದು ತಪ್ಪು, ಇಡೀ ಲೇಖನದ ದಾರಿ ತಪ್ಪಿರುವುದೂ ಇಲ್ಲಿಂದಲೇ. ನಮ್ಮ ಕ್ಷೀರಪಥದ ನಡುವಿನ ಕಪ್ಪುಕುಳಿ ಸುಮಾರು 40 ಲಕ್ಷ ಸೂರ್ಯರಷ್ಟು ತೂಗುತ್ತದೆ. ಹಾಗಿದ್ದರೂ ಅದರ ಗುರುತ್ವದ ಯಜಮಾನಿಕೆ ನಡೆಯುವುದು ಸುತ್ತಲಿನ ಹತ್ತು ಜ್ಯೋತಿರ್ವರ್ಷದ ಆಸುಪಾಸಿನಲ್ಲಿ ಮಾತ್ರ. ಗೆಲಾಕ್ಸಿಯ ತಟ್ಟೆಯೋ ಒಂದು ಲಕ್ಷ ಜ್ಯೋತಿರ್ವರ್ಷ ಅಗಲ. ಹಾಗಾಗಿ ಕುಳಿ ತಾನಾಗಿ ದೂರದ ಆಹಾರವನ್ನು ಎಳೆದುಕೊಳ್ಳಲಾರದು, ಬೇರೆ ಏನಾದರೂ ಅದನ್ನು ಒಳಗೆ ತಂದು ಸುರಿಯಬೇಕು. ಸುತ್ತುತ್ತಿರುವ ಅನಿಲ ತನ್ನ ಸುತ್ತುವೇಗವನ್ನು ಕಳೆದುಕೊಳ್ಳದೆ ನಡುವಿಗೆ ಬೀಳುವುದಿಲ್ಲ. ಕಳೆದುಕೊಳ್ಳುವಂತೆ ಮಾಡುವುದು ಯಾವುದು? ಪಕ್ಕದ ಗೆಲಾಕ್ಸಿಯ ಡಿಕ್ಕಿಯೇ, ಗೆಲಾಕ್ಸಿಯ ನಡುವೆ ನಕ್ಷತ್ರಗಳು ದಂಡದಂತೆ ಅಡ್ಡಲಾಗಿ ಕೂಡಿರುವ ಭಾಗವೇ, ಹೊರಗಿನಿಂದ ಇಳಿದುಬರುವ ತಣ್ಣನೆಯ ಅನಿಲವೇ? ನೆರೆಹೊರೆಯ ಪ್ರಶ್ನೆ ಹುಟ್ಟುವುದೇ ಇಲ್ಲಿ. ಲೇಖನ ಇಲ್ಲಿಂದ ಶುರುವಾಗಲಿ.

ಇನ್ನು ನಿಮ್ಮ ಮದುವೆಮನೆ ಹೋಲಿಕೆ. ಗೆಲಾಕ್ಸಿಗಳು ಕಿಕ್ಕಿರಿದ ಗುಚ್ಛಗಳಲ್ಲಿ ಮದುವೆಮನೆಯಂತೆ ಊಟ ಧಾರಾಳ, ಆದ್ದರಿಂದ ಅಲ್ಲಿನ ಕಪ್ಪುಕುಳಿಗಳು ಹೆಚ್ಚು ಉಣ್ಣುತ್ತವೆ ಎಂದಿದ್ದೀರಿ. ಓದಲು ಹಿತವಾಗಿದೆ, ನಿಜಸ್ಥಿತಿ ಹಾಗಿಲ್ಲ. ದೊಡ್ಡ ಗುಚ್ಛದೊಳಗೆ ಜನ ಜಾಸ್ತಿ, ಊಟ ಕಡಿಮೆ. ಅಲ್ಲಿ ಗೆಲಾಕ್ಸಿಗಳ ನಡುವೆ ತುಂಬಿರುವ ಅನಿಲದ ಬಿಸಿ ಕೋಟಿಗಟ್ಟಲೆ ಡಿಗ್ರಿ. ಅದರೊಳಗೆ ನುಗ್ಗುವ ಗೆಲಾಕ್ಸಿಯ ತಣ್ಣನೆಯ ಅನಿಲ ಎದುರೊತ್ತಡಕ್ಕೆ ಸಿಕ್ಕಿ ಹಿಂದಕ್ಕೆ ಕಿತ್ತುಹೋಗುತ್ತದೆ. ಸೆಕೆಂಡಿಗೆ ಸುಮಾರು ಸಾವಿರ ಕಿಲೋಮೀಟರ್ ವೇಗದಲ್ಲಿ ಒಂದನ್ನೊಂದು ದಾಟುವ ಗೆಲಾಕ್ಸಿಗಳಿಗೆ ಬೆರೆತು ಒಂದಾಗಲು ಪುರಸೊತ್ತೇ ಇಲ್ಲ. ಬೆರೆಯುವುದು ಹೆಚ್ಚಾಗಿ ಸಣ್ಣ ಗುಂಪುಗಳಲ್ಲಿ, ಅಲ್ಲಿ ಓಟ ನಿಧಾನ. ಪ್ರಖರ ಕ್ವೇಸಾರುಗಳು, ಎಂದರೆ ಕುಳಿ ಭರದಿಂದ ಉಣ್ಣುತ್ತಾ ಬೆಳಗುವ ಗೆಲಾಕ್ಸಿ ನಡುಭಾಗಗಳು, ಸರಾಸರಿಯಲ್ಲಿ ಕೆಲವು ಲಕ್ಷ ಕೋಟಿ ಸೂರ್ಯರಷ್ಟು ತೂಕದ ಕಪ್ಪುದ್ರವ್ಯದ (ಕಣ್ಣಿಗೆ ಕಾಣದ, ಗುರುತ್ವದಿಂದ ಮಾತ್ರ ಗೊತ್ತಾಗುವ ದ್ರವ್ಯದ) ಆವರಣಗಳಲ್ಲಿ ಸಿಗುತ್ತವೆ. ಅದು ಸಣ್ಣ ಗುಂಪಿನ ತೂಕವೇ ಹೊರತು ಮಹಾಗುಚ್ಛದ್ದಲ್ಲ.

ಹಾಗಂತ ಗುಚ್ಛಗಳನ್ನು ಪಟ್ಟಿಯಿಂದ ಅಳಿಸಬೇಡಿ. ರೇಡಿಯೋ ಅಲೆಗಳಲ್ಲಿ ಅಬ್ಬರಿಸುವ ಗೆಲಾಕ್ಸಿಗಳು ಗುಚ್ಛಗಳ ನಟ್ಟನಡುವೆಯೇ ಕೂತಿರುವುದುಂಟು: ಕನ್ಯಾ ಗುಚ್ಛದಲ್ಲಿ ಎಂ87, ಪರ್ಸಿಯಸ್ ಗುಚ್ಛದಲ್ಲಿ ಎನ್‌ಜಿಸಿ 1275. ಎಂ87ರ ಕುಳಿ ಸುಮಾರು 650 ಕೋಟಿ ಸೂರ್ಯರ ತೂಕದ್ದು, 2019ರಲ್ಲಿ ಅದರ ನೆರಳಿನ ಚಿತ್ರ ನಾವೆಲ್ಲ ನೋಡಿದ್ದೇವೆ. ಆದರೆ ಅದು ಉಣ್ಣುವ ಬಗೆಯೇ ಬೇರೆ. ಬಿಸಿ ಅನಿಲ ನಿಧಾನವಾಗಿ ಒಳಗಿಳಿಯುತ್ತದೆ, ಬೆಳಕು ಕಡಿಮೆ, ಶಕ್ತಿಯೆಲ್ಲ ಸಾವಿರಾರು ಜ್ಯೋತಿರ್ವರ್ಷ ಉದ್ದದ ಚಿಮ್ಮುಗಳಾಗಿ (ಜೆಟ್‌ಗಳಾಗಿ) ಹೊರಬೀಳುತ್ತದೆ. ಪರ್ಸಿಯಸ್‌ನಲ್ಲಿ ಆ ಚಿಮ್ಮುಗಳು ಬಿಸಿ ಅನಿಲವನ್ನು ತಳ್ಳಿ ದೊಡ್ಡ ಪೊಳ್ಳುಗಳನ್ನು ಮಾಡಿರುವುದು ಚಂದ್ರಾ ಬಾಹ್ಯಾಕಾಶ ದೂರದರ್ಶಕದ ಎಕ್ಸ್‌ರೇ ಚಿತ್ರಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನೆರೆಹೊರೆ ಕುಳಿಗೆ ಉಣಿಸುವಂತೆಯೇ ಕುಳಿಯೂ ನೆರೆಹೊರೆಯನ್ನು ಬದಲಿಸುತ್ತದೆ. ಇದು ನಿಮ್ಮ ಕರಡಿನಲ್ಲಿ ಎಲ್ಲೂ ಇಲ್ಲ. ಒಂದು ಪುಟ ಇದಕ್ಕೇ ಕೊಡಿ.

ಒಂಬತ್ತನೇ ಪುಟದ ತರ್ಕದಲ್ಲೂ ಒಂದು ತೂತಿದೆ. ಸಕ್ರಿಯ ಗೆಲಾಕ್ಸಿಗಳ, ಎಂದರೆ ನಡುವಿನ ಕುಳಿ ಉಣ್ಣುತ್ತಿರುವ ಗೆಲಾಕ್ಸಿಗಳ, ಸುತ್ತ ನೆರೆಯವರು ಹೆಚ್ಚಿದ್ದರೆ ನೆರೆಯವರೇ ಕಾರಣ ಎಂದು ಥಟ್ಟನೆ ತೀರ್ಮಾನಿಸಿದ್ದೀರಿ. ಹೆಚ್ಚು ತೂಕದ ಗೆಲಾಕ್ಸಿಗಳು ಹೇಗೂ ಜನನಿಬಿಡ ಜಾಗಗಳಲ್ಲೇ ಹೆಚ್ಚು, ದೊಡ್ಡ ಕುಳಿಗಳಿರುವುದೂ ಅವುಗಳಲ್ಲೇ. ಹಾಗಾಗಿ ಸಕ್ರಿಯ ಗೆಲಾಕ್ಸಿಯ ಪಕ್ಕದಲ್ಲಿ ಅಷ್ಟೇ ತೂಕದ, ಅಷ್ಟೇ ದೂರದ, ಸುಮ್ಮನಿರುವ ಗೆಲಾಕ್ಸಿಯನ್ನಿಟ್ಟು ನೋಡಬೇಕು. ಹಾಗೆ ನೋಡಿದಾಗ ಎಷ್ಟೋ ವ್ಯತ್ಯಾಸಗಳು ಕರಗಿಹೋಗುತ್ತವೆ. ಸಮಯದ ತೊಡಕೂ ಇದೆ. ಎರಡು ಗೆಲಾಕ್ಸಿಗಳು ಬೆರೆಯಲು ನೂರು ಕೋಟಿ ವರ್ಷದಷ್ಟು ಹಿಡಿಯುತ್ತದೆ. ಕುಳಿ ಉರಿಯುವುದು ಅದರ ಒಂದು ಸಣ್ಣ ಪಾಲು, ಅದೂ ಬಿಟ್ಟುಬಿಟ್ಟು. ಇವತ್ತು ಸುಮ್ಮನಿರುವ ಗೆಲಾಕ್ಸಿ ನಿನ್ನೆಮೊನ್ನೆ ಉರಿದಿರಬಹುದು. ಈ ವಿಷಯದಲ್ಲಿ ಖಗೋಳಜ್ಞರು ಇನ್ನೂ ವಾದಿಸುತ್ತಿರುವುದಕ್ಕೆ ಇದೂ ಒಂದು ಕಾರಣ. ಆ ಜಗಳವನ್ನು ಮುಚ್ಚಿಡಬೇಡಿ, ಓದುಗರ ಮುಂದೆ ಬಿಚ್ಚಿಡಿ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ರುಚಿಕಟ್ಟಾದ ಭಾಗ ಇದು.

ಬೆಂಗಳೂರಿನಲ್ಲೇ ಇದ್ದುಕೊಂಡು ಬರೀ ಇಂಟರ್‌ನೆಟ್ ನೋಡಿ ಬರೆದಿದ್ದೀರಿ ಎಂಬುದು ನನ್ನ ತಕರಾರು. ಕೋರಮಂಗಲದಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಇದೆ, ಸದಾಶಿವನಗರದಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಇದೆ. 2015ರಲ್ಲಿ ಹಾರಿದ ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕವನ್ನು ಜೋಡಿಸಿದ್ದು ಇಲ್ಲೇ ಹೊಸಕೋಟೆಯಲ್ಲಿ. ಈ ಕೆಲಸದಲ್ಲೇ ತೊಡಗಿರುವ ಒಬ್ಬರಿಗಾದರೂ ಮುಂಚಿತವಾಗಿ ಪತ್ರ ಬರೆದು ಭೇಟಿಯಾಗಿ. ಗೆಲಾಕ್ಸಿಯ ತೂಕವನ್ನು ಹೇಗೆ ಅಂದಾಜು ಮಾಡುತ್ತಾರೆ, ‘ನೆರೆಯವನು’ ಎಂದು ಎಷ್ಟು ದೂರದವರೆಗೆ ಎಣಿಸುತ್ತಾರೆ ಎಂಬ ಎರಡು ಪ್ರಶ್ನೆ ಕೇಳಿದರೂ ಸಾಕು, ನಿಮ್ಮ ಬರಹಕ್ಕೆ ಬೇರೆಯೇ ಗಟ್ಟಿತನ ಬರುತ್ತದೆ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ರಾಕ್ಷಸ’, ‘ಭಯಾನಕ’, ‘ಊಹೆಗೂ ನಿಲುಕದ’ ಎಂಬುವನ್ನು ಹೊಡೆದುಹಾಕಿ, ಅಂಕಿಗಳೇ ಮಾತಾಡಲಿ.

ಹೊಸ ಕರಡು ಸಾವಿರದೈನೂರು ಪದ ಮೀರದಿರಲಿ. ಮುಂದಿನ ತಿಂಗಳ ಕೊನೆಯೊಳಗೆ ಕಳಿಸಿದರೆ ನಾನೇ ಕೂತು ತಿದ್ದುತ್ತೇನೆ.

ಇಂತಿ,
ಸಂಪಾದಕ