ಎರಡು ವಾರದಲ್ಲಿ ಅಮೆರಿಕ, ಕೆನಡಾ: ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ಯಾವ ಊರು ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ನೀವು, ನಿಮ್ಮ ಮನೆಯವರು ಇಬ್ಬರೇ. ಐವತ್ತು ದಾಟಿದೆ. ಅಲ್ಲಿ ಮಕ್ಕಳೂ ಇಲ್ಲ, ನೆಂಟರೂ ಇಲ್ಲ. ಎರಡು ವಾರದಲ್ಲಿ ವಾಷಿಂಗ್ಟನ್, ನ್ಯೂಯಾರ್ಕ್, ನಯಾಗರ, ಟೊರೊಂಟೊ, ಚಿಕಾಗೊ, ಲಾಸ್ ವೇಗಸ್, ಸ್ಯಾನ್ ಫ್ರಾನ್ಸಿಸ್ಕೊ ಎಲ್ಲಾ ಆಗುತ್ತಾ ಅಂತ ಕೇಳಿದ್ದೀರಿ.

ಆಗುತ್ತೆ. ಆದರೆ ಊರಿಗಿಂತ ಏರ್‌ಪೋರ್ಟನ್ನೇ ಜಾಸ್ತಿ ನೋಡುತ್ತೀರಿ. ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೊ ನಾಲ್ಕು ಸಾವಿರ ಕಿ.ಮೀ. ಮೇಲಿದೆ. ವಿಮಾನದಲ್ಲೇ ಆರು ಗಂಟೆ. ಗಡಿಯಾರ ಬೇರೆ ಮೂರು ಗಂಟೆ ಹಿಂದೆ ಹೋಗುತ್ತೆ. ಅಲ್ಲಿಗೆ ಹೋಗಿ ನಿದ್ದೆ ಸರಿಹೋಗುವ ಹೊತ್ತಿಗೆ ಇನ್ನೊಮ್ಮೆ ಕೆಡಿಸಿಕೊಳ್ಳುವುದು ಯಾಕೆ? ಪಶ್ಚಿಮದ ಊರುಗಳನ್ನು ಹೊಡೆದುಹಾಕಿ. ಚಿಕಾಗೊವನ್ನೂ ಬಿಡಿ, ಅದು ಈ ದಾರಿಯಲ್ಲಿ ಬರುವುದಿಲ್ಲ. ವಾಷಿಂಗ್ಟನ್, ನ್ಯೂಯಾರ್ಕ್, ನಯಾಗರ, ಟೊರೊಂಟೊ, ಸಾಧ್ಯವಾದರೆ ಮಾಂಟ್ರಿಯಲ್. ಇಷ್ಟನ್ನೂ ರೈಲಿನಲ್ಲೇ ಮುಗಿಸಬಹುದು. ನಾನೂ ನಮ್ಮ ಯಜಮಾನರೂ ಮಾಡಿದ್ದು ಹಾಗೆಯೇ.

ವಾಷಿಂಗ್ಟನ್ನಿನಿಂದಲೇ ಶುರು ಮಾಡಿ ಅನ್ನುವುದಕ್ಕೆ ಕಾರಣವಿದೆ. ಅಲ್ಲಿಯ ಸ್ಮಿತ್ಸೋನಿಯನ್ ಮ್ಯೂಸಿಯಮ್ಮುಗಳಿಗೆ ಟಿಕೆಟ್ ಇಲ್ಲ. ಮೊದಲ ದಿನಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಕಣ್ಣು ಎಳೆಯುತ್ತೆ. ದುಡ್ಡು ಕೊಟ್ಟು ಒಳಗೆ ಹೋಗಿದ್ದರೆ ತೂಕಡಿಸುತ್ತಾ ಆದರೂ ನೋಡಬೇಕು ಅನಿಸುತ್ತೆ. ಇಲ್ಲಿ ಸುಮ್ನೆ ಎದ್ದು ರೂಮಿಗೆ ಬಂದುಬಿಡಬಹುದು. ವಿಮಾನಗಳ ಮ್ಯೂಸಿಯಮ್ಮಿನಂಥ ಕೆಲವಕ್ಕೆ ಮಾತ್ರ ಮೊದಲೇ ಆನ್‌ಲೈನಲ್ಲಿ ಸಮಯ ಹಿಡಿದು ಪಾಸ್ ತಗೊಳ್ಳಬೇಕು, ಅದೂ ಬಿಟ್ಟಿಯೇ. ಮ್ಯಾಪಿನಲ್ಲಿ ಎಲ್ಲಾ ಅಕ್ಕಪಕ್ಕ ಕಾಣುತ್ತೆ, ನಂಬಬೇಡಿ. ಕ್ಯಾಪಿಟಲ್ ಕಟ್ಟಡದಿಂದ ಲಿಂಕನ್ ಸ್ಮಾರಕಕ್ಕೆ ಸುಮಾರು 3 ಕಿ.ಮೀ. ನಡಿಗೆ. ಲಿಂಕನ್ ಸ್ಮಾರಕ ರಾತ್ರಿಯೂ ತೆರೆದಿರುತ್ತೆ. ಬಿಸಿಲು ಇಳಿದ ಮೇಲೆ ಹೋಗಿ.

ಅಲ್ಲಿಂದ ನ್ಯೂಯಾರ್ಕಿಗೆ ಆಮ್‌ಟ್ರಾಕ್ ರೈಲಿನಲ್ಲಿ ಮೂರೂವರೆ ಗಂಟೆ. ಟಿಕೆಟ್ ಎಷ್ಟು ಮುಂಚೆ ತೆಗೆದರೆ ಅಷ್ಟು ಅಗ್ಗ.

ನ್ಯೂಯಾರ್ಕಿನಲ್ಲಿ ಏನೇನು ನೋಡಬೇಕು ಅಂತ ಸಾವಿರ ಜನ ಬರೆದಿದ್ದಾರೆ. ಹಾಗಾಗಿ ಬಿಡಬಹುದಾದದ್ದನ್ನು ಹೇಳುತ್ತೇನೆ. ಎತ್ತರದ ಕಟ್ಟಡ ಒಂದೇ ಒಂದು ಹತ್ತಿ. ನನ್ನ ಆಯ್ಕೆ ರಾಕ್‌ಫೆಲ್ಲರ್ ಸೆಂಟರ್. ಎಂಪೈರ್ ಸ್ಟೇಟ್ ಕಟ್ಟಡದ ಮೇಲೆ ನಿಂತರೆ ಎಂಪೈರ್ ಸ್ಟೇಟೇ ಕಾಣುವುದಿಲ್ಲ, ಅಲ್ವಾ? ಲಿಬರ್ಟಿ ಪ್ರತಿಮೆಯನ್ನು ದೂರದಿಂದ ನೋಡಿದರೆ ಸಾಕು ಅನ್ನುವವರಿಗೆ ಸ್ಟ್ಯಾಟನ್ ಐಲ್ಯಾಂಡ್ ದೋಣಿ ಇದೆ. ಅದು ಆ ಊರಿನ ಜನ ಕೆಲಸಕ್ಕೆ ಹೋಗಿಬರುವ ದೋಣಿ. ಟಿಕೆಟ್ ಇಲ್ಲ, 25 ನಿಮಿಷದ ದಾರಿ, ಪ್ರತಿಮೆಯ ಮುಂದೆಯೇ ಹಾದುಹೋಗುತ್ತೆ. ಆದರೆ ಎಲಿಸ್ ದ್ವೀಪ ನೋಡಬೇಕೆಂದರೆ ಟಿಕೆಟ್ ದೋಣಿಯೇ ಬೇಕು. 1892ರಿಂದ 1954ರವರೆಗೆ ಹಡಗಿನಲ್ಲಿ ಬಂದ ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಜನರನ್ನು ತಪಾಸಣೆ ಮಾಡಿ ಒಳಗೆ ಬಿಟ್ಟ ಜಾಗ ಅದು.

ಇನ್ನೊಂದು ಮಾತು, ಯಾವ ಟ್ರಾವೆಲ್ ಏಜೆಂಟೂ ಹೇಳುವುದಿಲ್ಲ. ನ್ಯೂಯಾರ್ಕಿನಲ್ಲಿ ಒಂದು ಅರ್ಧ ದಿನ ನೀವಿಬ್ಬರೂ ಬೇರೆ ಬೇರೆ ಹೋಗಿ. ಇಪ್ಪತ್ತನಾಲ್ಕು ಗಂಟೆಯೂ ಒಟ್ಟಿಗೆ ಇದ್ದರೆ ಯಾವ ದಾಂಪತ್ಯಕ್ಕೂ ಕಷ್ಟವೇ. ನಮ್ಮ ಯಜಮಾನರು ವಿದ್ಯುತ್ ಇಲಾಖೆಯಲ್ಲಿದ್ದವರು, ಸೇತುವೆ, ಯಂತ್ರ ಅಂದರೆ ಪ್ರಾಣ. ಅವರು 1883ರ ಬ್ರೂಕ್ಲಿನ್ ಸೇತುವೆ ಮೇಲೆ ನಡೆಯಲು ಹೋದರು. ನಾನು ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ. ಅಲ್ಲಿ ಈಜಿಪ್ಟಿನ ಒಂದು ಇಡೀ ಕಲ್ಲಿನ ಗುಡಿಯನ್ನು ತಂದು ಕೂರಿಸಿದ್ದಾರೆ, ದೆಂಡೂರ್ ಗುಡಿ. ಅಸ್ವಾನ್ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಬೇಕಿದ್ದದ್ದು. 1965ರಲ್ಲಿ ಈಜಿಪ್ಟ್ ಅದನ್ನು ಅಮೆರಿಕಕ್ಕೆ ಕೊಟ್ಟಿತು. ನಾನು ಶರಾವತಿ ಹಿನ್ನೀರಿನ ಸೀಮೆಯವಳು. ಅದರ ಮುಂದೆ ತುಂಬಾ ಹೊತ್ತು ಕೂತಿದ್ದೆ. ಇವರು ಜೊತೆಗಿದ್ದಿದ್ದರೆ ಹತ್ತು ನಿಮಿಷಕ್ಕೆ ಎಬ್ಬಿಸುತ್ತಿದ್ದರು.

ಊಟದ ಚಿಂತೆ ಬೇಡ. 7ನೇ ನಂಬರಿನ ಸಬ್‌ವೇ ಹತ್ತಿ ಕೊನೆಯ ಸ್ಟೇಷನ್ ಫ್ಲಷಿಂಗ್‌ನಲ್ಲಿ ಇಳಿಯಿರಿ. ಸ್ವಲ್ಪ ದೂರ ನಡೆದರೆ ಗಣಪತಿ ದೇವಸ್ಥಾನ, ಅದರ ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ.

ಈಗ ನನಗೆ ಇಷ್ಟವಾದ ಭಾಗ. ನ್ಯೂಯಾರ್ಕಿನಿಂದ ಬೆಳಗ್ಗೆ ಮೇಪಲ್ ಲೀಫ್ ಅನ್ನುವ ರೈಲು ಹೊರಡುತ್ತೆ, ನಯಾಗರ ದಾಟಿ ಟೊರೊಂಟೊವರೆಗೆ. ನಯಾಗರಕ್ಕೇ ಪೂರ್ತಿ ಹಗಲು ಬೇಕು. ಎಡಗಡೆ ಕಿಟಕಿ ಹಿಡಿಯಿರಿ. ಆಲ್ಬನಿ ಬರುವವರೆಗೆ ಹಡ್ಸನ್ ನದಿ ಪಕ್ಕದಲ್ಲೇ ಬರುತ್ತೆ. ಆಲ್ಬನಿ ಆದ ಮೇಲೆ ಸ್ಕೆನೆಕ್ಟಡಿ ಅಂತ ಒಂದು ಸ್ಟೇಷನ್. ನೋಡಲು ಏನೂ ಇಲ್ಲ. ಆದರೆ ನಮ್ಮವರು ಅಲ್ಲಿ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹರಿಯಿತಲ್ಲ, ಅದರ ವಿದ್ಯುತ್ ಯಂತ್ರಗಳು ಬಂದದ್ದು ಈ ಊರಿನ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ. ಆ ಯೋಜನೆ ಹಾಕಿದ ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಕೆನಡಾದ ಕ್ವಿಬೆಕ್‌ನವರು. ಟೊರೊಂಟೊದಿಂದ ಮಾಂಟ್ರಿಯಲ್ಲಿಗೆ ಹೋಗುವಾಗ ಸಿಗುವ ಕಿಂಗ್‌ಸ್ಟನ್ನಿನ ಮಿಲಿಟರಿ ಕಾಲೇಜಿನಲ್ಲಿ ಓದಿದವರು. ಇದನ್ನೆಲ್ಲಾ ನಾನು ರೈಲಿನಲ್ಲಿ ಎರಡು ಸಲ ಕೇಳಿದೆ.

ನಯಾಗರಕ್ಕೆ ಎರಡು ರಾತ್ರಿ ಇಡಿ. ಜೋಗ ನೋಡಿದ ನಮಗೆ ಎತ್ತರ ದೊಡ್ಡದೆನಿಸುವುದಿಲ್ಲ. ಜೋಗ 253 ಮೀಟರ್, ಅಲ್ಲಿಯ ಕುದುರೆಲಾಳದ ಜಲಪಾತ ಬರೀ 57. ಬೆರಗು ಹುಟ್ಟಿಸುವುದು ನೀರು. ಆ ನೀರಿಗೂ ಲೆಕ್ಕವಿದೆ. 1950ರಲ್ಲಿ ಎರಡೂ ದೇಶ ಒಪ್ಪಂದ ಮಾಡಿಕೊಂಡಿವೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹಗಲಲ್ಲಿ ಕನಿಷ್ಠ 1 ಲಕ್ಷ ಕ್ಯೂಸೆಕ್ ಜಲಪಾತಕ್ಕೆ ಬಿಡಬೇಕು. ರಾತ್ರಿಯಲ್ಲಿ, ಚಳಿಗಾಲದಲ್ಲಿ 50 ಸಾವಿರ ಸಾಕು. ಮಿಕ್ಕಿದ್ದು ಕರೆಂಟಿಗೆ. ನಮ್ಮ ಜೋಗಕ್ಕೂ ಪ್ರವಾಸಿಗರ ಪಾಲು ಅಂತ ಒಂದು ಬರೆದಿಟ್ಟಿದ್ದರೆ ಬೇಸಿಗೆಯಲ್ಲಿ ಬರೀ ಬಂಡೆ ನೋಡಿ ಬರಬೇಕಾಗಿರಲಿಲ್ಲ.

ಅಮೆರಿಕದ ಕಡೆ ಜಲಪಾತದ ತಲೆಯ ಪಕ್ಕದಲ್ಲೇ ನಿಲ್ಲಬಹುದು. ಪೂರ್ತಿ ನೋಟ ಸಿಗುವುದು ಕೆನಡಾ ಕಡೆಯಿಂದ. ರೇನ್‌ಬೋ ಸೇತುವೆಯನ್ನು ನಡೆದೇ ದಾಟಬಹುದು, ಸೂಟ್‌ಕೇಸ್ ಎಳೆದುಕೊಂಡು. ಕೆಳಗೆ ಹೋಗುವ ದೋಣಿ ಯಾವ ಕಡೆಯದಾದರೂ ಒಂದೇ, ರೇನ್‌ಕೋಟಿನ ಬಣ್ಣ ಬೇರೆ ಅಷ್ಟೆ. ಕೆನಡಾ ಕಡೆ 1905ರ ಹಳೆಯ ವಿದ್ಯುತ್ ಕೇಂದ್ರವನ್ನು ಈಗ ಜನ ನೋಡಲು ತೆರೆದಿದ್ದಾರೆ. ಗಾಜಿನ ಲಿಫ್ಟಿನಲ್ಲಿ ಇಳಿದು, ಹಿಂದೆ ನೀರು ಹೊರಗೆ ಹೋಗುತ್ತಿದ್ದ ಸುರಂಗದಲ್ಲಿ ನಡೆದರೆ ಜಲಪಾತದ ಬುಡಕ್ಕೇ ಬರುತ್ತೀರಿ. ದೋಣಿಗಿಂತ ನನಗೆ ಇದೇ ಹೆಚ್ಚು ಹಿಡಿಸಿತು. ಇವರ ಮಾತಂತೂ ಕೇಳಬೇಡಿ.

ಟೊರೊಂಟೊಗೆ ಜಾಸ್ತಿ ದಿನ ಬೇಡ. 553 ಮೀಟರಿನ ಸಿಎನ್ ಟವರ್ ಹತ್ತುವ ದುಡ್ಡಿಗಿಂತ, ಎದುರಿನ ದ್ವೀಪಗಳಿಗೆ ದೋಣಿಯಲ್ಲಿ ಹೋಗಿ ಅದೇ ಟವರನ್ನು ನೋಡುವುದು ವಾಸಿ. ಮಾಂಟ್ರಿಯಲ್ ರೈಲಿನಲ್ಲಿ ಐದು ಗಂಟೆ. ಬೋರ್ಡುಗಳೆಲ್ಲಾ ಫ್ರೆಂಚ್, ಆದರೆ ಇಂಗ್ಲಿಷ್ ನಡೆಯುತ್ತೆ. ಸೌದೆ ಒಲೆಯ ಬೇಗಲ್ ತಿನ್ನಿ, ಬಳೆಯಾಕಾರದ ಬ್ರೆಡ್ಡು. ಪೂಟೀನ್ ಅಂತ ಆಲೂಗಡ್ಡೆ ತಿಂಡಿ ತೋರಿಸುತ್ತಾರೆ. ಅದರ ಗ್ರೇವಿ ಸಾಮಾನ್ಯವಾಗಿ ಮಾಂಸದ ರಸದ್ದು. ಸಸ್ಯಾಹಾರಿಗಳಾದರೆ ಕೇಳಿ ತಗೊಳ್ಳಿ.

ಖರ್ಚು ಲೆಕ್ಕ ಹಾಕುವಾಗ ಬೋರ್ಡಿನ ಬೆಲೆ ನಂಬಬೇಡಿ. ತೆರಿಗೆ ಬಿಲ್ಲಿನಲ್ಲಿ ಸೇರುತ್ತೆ, ಟೊರೊಂಟೊದಲ್ಲಿ ಶೇ. 13. ಕೂತು ತಿನ್ನುವ ಹೋಟೆಲಿನಲ್ಲಿ ಟಿಪ್ಸ್ ಶೇ. 18ರ ಆಸುಪಾಸು.

ವೀಸಾ ಎರಡು ಬೇಕು. ಅಮೆರಿಕದ ವೀಸಾ ಇದ್ದರೆ ಕೆನಡಾಕ್ಕೂ ಆಗುತ್ತೆ ಅಂತ ಕೆಲವರು ಹೇಳುತ್ತಾರೆ. ನಮ್ಮ ಪಾಸ್‌ಪೋರ್ಟಿಗೆ ಹಾಗಿಲ್ಲ. ಅಮೆರಿಕದ ಇಂಟರ್‌ವ್ಯೂ ತಾರೀಖು ಸಿಗುವುದು ತಡ, ಅದನ್ನೇ ಮೊದಲು ಶುರು ಮಾಡಿ. ವಿಮಾನದ ಟಿಕೆಟ್ ಹುಡುಕುವಾಗ ಮಲ್ಟಿ-ಸಿಟಿ ಒತ್ತಿ. ವಾಷಿಂಗ್ಟನ್ನಿಗೆ ಇಳಿದು ಮಾಂಟ್ರಿಯಲ್ ಅಥವಾ ಟೊರೊಂಟೊದಿಂದ ವಾಪಸ್ ಹಾರಿದರೆ ಬಂದ ದಾರಿಯಲ್ಲೇ ತಿರುಗಿ ಹೋಗಬೇಕಿಲ್ಲ.

ಪ್ಯಾಕೇಜ್ ಟೂರ್ ತಗೊಳ್ಳಲಾ ಅಂತಲೂ ಕೇಳಿದ್ದೀರಿ. ನಿಮ್ಮಿಬ್ಬರಲ್ಲಿ ಒಬ್ಬರಿಗೆ ಮಂಡಿನೋವಿದ್ದರೆ, ದಿನಾ ಎಂಟು ಹತ್ತು ಕಿ.ಮೀ. ನಡೆಯಲು ಆಗದಿದ್ದರೆ ತಗೊಳ್ಳಿ, ಹಿಂಜರಿಯಬೇಡಿ. ನಡೆಯಬಲ್ಲಿರಾದರೆ ಬೇಡ.